ಎರಡು ಹಳೇ ಪಿಕಪ್ಪು, ಸಂಗಣ್ಣನ ಒಂದು ಕಿವಿ

ಸಂಗಣ್ಣನ ಪಂಚೆಯನ್ನು ನರಸಪ್ಪನವರ ಪಿಕಪ್ಪು ನುಂಗಿದ್ದು ಗುರುವಾರ ಬೆಳಿಗ್ಗೆ ಆರೂಕಾಲಕ್ಕೆ. ಅದೂ ಸಿಂಗಸಂದ್ರದ ಮೂರಂತಸ್ತಿನ ವಠಾರದಲ್ಲಿ, ಹಲ್ಲುಜ್ಜುತ್ತ ನಿಂತಿದ್ದ ಅಷ್ಟೂ ಬಾಡಿಗೆದಾರರ ಕಣ್ಣೆದುರಿಗೆ.

ಆದದ್ದು ಇಷ್ಟೆ. ಬಾನೆಟ್ ಎತ್ತಿ, ಮುಂದಿನ ಬಂಪರ್ ಮೇಲೆ ಹತ್ತಿ ನಿಂತು, ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿದ್ದ ಇಂಜಿನ್ನಿಗೆ ಆನಿಸಿ, ಅದರ ಹಿಡಿಯನ್ನು ಬಲಗಿವಿಗೆ ಒತ್ತಿಕೊಂಡು ಸಂಗಣ್ಣ ಕಣ್ಣು ಮುಚ್ಚಿದ್ದ, ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳುವ ಹಾಗೆ. ಮೇಲೆತ್ತಿ ಕಟ್ಟಿದ್ದ ಪಂಚೆಯ ಚುಂಗೊಂದು ಜಾರಿತು. ಜಾರಿದ್ದನ್ನು ಫ್ಯಾನು ಒಳಗೆಳೆಯಿತು. ಎಳೆದದ್ದನ್ನು ಬೆಲ್ಟು ಕಚ್ಚಿಕೊಂಡಿತು. ಹಂದಿ ಹಿಡಿದಾಗ ಕೇಳುವಂಥ ಕಿರುಚಾಟವೊಂದು ಎದ್ದು, ಡ್ರೈವರ್ ಸೀಟಿನಲ್ಲಿ ಕೂತಿದ್ದ ನರಸಪ್ಪನವರು ಬೆದರಿ ಕೀಲಿ ತಿರುಗಿಸಿ ಆಫ್ ಮಾಡುವಷ್ಟರಲ್ಲಿ, ಸಂಗಣ್ಣ ನೀಲಿ ಪಟ್ಟೆಯ ಚಡ್ಡಿಯಲ್ಲಿ ಬಂಪರ್ ಮೇಲೆ ನಿಂತಿದ್ದ.

ಎರಡನೇ ಮಹಡಿಯಿಂದ ಯಾರೋ ಬಾಯಿತುಂಬ ನೊರೆಯಲ್ಲೇ ಕೂಗಿದರು: "ಅಣ್ಣಾ, ಗಾಡಿ ಪಂಚೆ ಕೇಳ್ತೋ, ಪಂಚಾಂಗ ಕೇಳ್ತೋ?"

ಬೇರೆಯವನಾಗಿದ್ದರೆ ಇಳಿದು ಓಡುತ್ತಿದ್ದ. ಪಂಚೆ ಹೋದರೂ ಸಂಗಣ್ಣನ ಪಂಚೇಂದ್ರಿಯಗಳಲ್ಲಿ ನಾಲ್ಕು ಕಿವಿಯ ಸಹಾಯಕ್ಕೇ ನಿಂತಿದ್ದವು. ಅವನು ಕಣ್ಣು ತೆರೆದು, ಅಸಮಾಧಾನದಿಂದ ಕೇಳಿದ: "ಬಂದ್ ಯಾಕ ಮಾಡಿದ್ರಿ ಯಜಮಾನ್ರ? ಎರಡನೇ ಸಿಲಿಂಡರ್ ಈಗಷ್ಟ ಮಾತಾಡಾಕತ್ತಿತ್ತು."

"ಅದು ಮಾತಾಡೋದು ಇರ್ಲಿ," ಅಂದರು ನರಸಪ್ಪ, "ನೀನು ಮೊದ್ಲು ಏನಾರ ಸುತ್ಕೊ. ಮೇಲೆ ಎಣ್ಮಕ್ಳು ಅವ್ರೆ."

ಶೆಡ್ಡಿನ ಬಾಗಿಲಲ್ಲಿ ಕೈತುಂಬ ಜೋಳದ ಹಿಟ್ಟು ಮೆತ್ತಿಕೊಂಡು ನಿಂತಿದ್ದ ಸುಮಂಗಲಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳ ಹಿಂದಿನಿಂದ ಮಲಕವ್ವ, ಶೆಡ್ಡಿನ ಹಿರಿಯ ರೊಟ್ಟಿಗಾರ್ತಿ, ರೊಟ್ಟಿ ಮುಚ್ಚುವ ಬಟ್ಟೆಯೊಂದನ್ನು ಸಂಗಣ್ಣನತ್ತ ಬೀಸಿ ಒಗೆದಳು. "ಉಟ್ಕೋ ಮಾರಾಯ. ವಾಪಸ್ ಮಾತ್ರ ಕೊಡಬ್ಯಾಡ."

ಸುಮಂಗಲಾ ಎಣಿಸುತ್ತಿದ್ದದ್ದು ದಿನಗಳನ್ನು. ಗುರುವಾರ, ಶುಕ್ರವಾರ, ಶನಿವಾರ, ಭಾನುವಾರ. ಸೋಮವಾರದಿಂದ ಬೊಮ್ಮಸಂದ್ರದ ಎರಡು ಫ್ಯಾಕ್ಟರಿಗಳ ಕ್ಯಾಂಟೀನಿಗೆ ಅವಳು ದಿನಕ್ಕೆ ಎಂಟುನೂರು ರೊಟ್ಟಿ, ಜೊತೆಗೆ ಪಲ್ಯ, ಕೊಡಬೇಕು. ಮುಧೋಳದ ಕಡೆಯಿಂದ ಗಂಡ ಪರಮಾನಂದನ ಜೊತೆ ಬಂದು ಹನ್ನೊಂದು ವರ್ಷ. ಅವನಿಗೆ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ, ಇವಳಿಗೆ ನರಸಪ್ಪನವರ ವಠಾರದ ಪಕ್ಕದ ತಗಡಿನ ಶೆಡ್ಡು. ಒಬ್ಬಳೇ ಬಡಿಯುತ್ತಿದ್ದ ರೊಟ್ಟಿಗೆ ಈಗ ಅವಳೂ ಸೇರಿ ಆರು ಜನರ ಕೈ ಇದೆ. ಕ್ಯಾಂಟೀನಿನ ಮ್ಯಾನೇಜರು ತುಂಬ ಮರ್ಯಾದಸ್ಥರು, ಕತ್ತು ಕುಯ್ಯುವ ಮಾತನ್ನೂ ಮೇಡಂ ಸೇರಿಸಿಯೇ ಹೇಳಿದ್ದರು: "ಬೆಳಿಗ್ಗೆ ಐದೂವರೆಗೆ ಡಬ್ಬಿ ಗೇಟಿನ ಒಳಗಿರ್ಬೇಕು ಮೇಡಂ. ಎರಡು ಸಲ ಲೇಟಾದ್ರೆ, ಮೂರನೇ ಸಲ ಬರೋ ತೊಂದ್ರೆ ತಗೋಬೇಡಿ."

ಆ ಹೊತ್ತಿನಲ್ಲಿ ಬಾಡಿಗೆ ಗಾಡಿಯವರು ಫೋನು ಎತ್ತುವುದಿಲ್ಲ, ಎತ್ತಿದರೆ ಗಾಡಿ ಬರುವುದಿಲ್ಲ. ಅದಕ್ಕೇ ಸ್ವಂತ ಪಿಕಪ್ಪು ಬೇಕಿತ್ತು. ಡ್ರೈವಿಂಗ್ ಸ್ಕೂಲಿಗೆ ಆರು ವಾರ ಹೋಗಿ ಲೈಸೆನ್ಸನ್ನೂ ತೆಗೆದಿದ್ದಳು. ಕೂಡಿಟ್ಟದ್ದು ಒಂದು ಹಳೇ ಗಾಡಿಗೆ ಸಾಕು, ಎರಡನೆಯದಕ್ಕಿಲ್ಲ. ಗಾಡಿ ಕೈಕೊಟ್ಟರೆ ಆರೂ ಹೆಂಗಸರು ಕೈಕಟ್ಟಿ ಕೂರಬೇಕು.

ಹೊಸೂರು ರಸ್ತೆಯ ಆಚೀಚೆ, ನಮ್ಮ ಉತ್ತರ ಕರ್ನಾಟಕದ ಮಂದಿ ಹಳೇ ಗಾಡಿ ಕೊಳ್ಳುವ ಮುಂಚೆ ಸಂಗಣ್ಣನಿಗೆ ಕೇಳಿಸುತ್ತಾರೆ. "ತೋರಿಸುತ್ತಾರೆ" ಅಲ್ಲ. ನೋಡುವುದರಲ್ಲಿ ಅವನಿಗೆ ನಂಬಿಕೆಯಿಲ್ಲ. "ಬಾಡಿಗೆ ಮರುಳಾಗಿ ಗಾಡಿ ತಗೊಂಡಾವ ಜನ್ಮಪೂರ್ತಿ ಬಾಡಿಗಿ ಗಾಡ್ಯಾಗ ಓಡಾಡ್ತಾನ" ಎನ್ನುವುದು ಅವನ ಮಾತು.

ವಯಸ್ಸು ಐವತ್ತಾರು. ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಕಂಪನಿಯೊಂದರಲ್ಲಿ ಜನರೇಟರ್ ಆಪರೇಟರ್. ಮೇಲೆ ನಾಲ್ಕು ಸಾವಿರ ಜನ ಕಂಪ್ಯೂಟರಿನ ಮುಂದೆ, ನೆಲಮಾಳಿಗೆಯಲ್ಲಿ ಇವನು ಮೂರು ಡೀಸೆಲ್ ಇಂಜಿನ್ನುಗಳ ಮುಂದೆ. ಕರೆಂಟು ಹೋದಾಗ ಅವುಗಳನ್ನು ಎಬ್ಬಿಸುವುದು ಕೆಲಸ. ಹೋಗದಿದ್ದಾಗ, ಈಗ ಹೋದೀತು ಆಗ ಹೋದೀತು ಎಂದು ಕಾಯುವುದು ಕೆಲಸ. ಇಪ್ಪತ್ತೆರಡು ವರ್ಷ ಹೀಗೆ ಕಾದ ಮನುಷ್ಯ ನೆಟ್ಟಗೆ ಕೂರುವುದನ್ನೇ ಮರೆತಿದ್ದ. ಕುರ್ಚಿಯ ತುದಿಯಲ್ಲಿ ಕೂತು ಎಡಗಾಲು ಕುಣಿಸುತ್ತಾನೆ, ಟೀ ನಿಂತೇ ಕುಡಿಯುತ್ತಾನೆ, ಬಸ್ಸಿನಿಂದ ತನ್ನ ಸ್ಟಾಪಿಗೆ ಎರಡು ಸ್ಟಾಪು ಮೊದಲೇ ಇಳಿದುಬಿಡುತ್ತಾನೆ. ಕೇಳಿದರೆ, "ಆ ಬಸ್ಸಿನ ಮೂರನೇ ಇಂಜೆಕ್ಟರ್ ನರಳಾಕತ್ತಿತ್ತವ್ವ, ನನಗ ಕೇಳಾಕಾಗ್ಲಿಲ್ಲ." ಹೆಂಡತಿಯ ತಮ್ಮನ ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಎಲ್ಲರೂ ಹುಡುಕಿದರೆ, ಇವನು ಛತ್ರದ ಹಿಂದೆ ಅಡುಗೆಯವರ ವ್ಯಾನಿನ ಬಾನೆಟ್ ಕೆಳಗಿದ್ದ, ಕೈಯಲ್ಲಿದ್ದ ಅಕ್ಷತೆಯನ್ನು ರೇಡಿಯೇಟರ್ ಮೇಲೆ ಇಟ್ಟಿದ್ದ. ಅವನ ಹೆಂಡತಿ ಬಸಕ್ಕ ಹೇಳುತ್ತಾಳೆ: "ಇವ್ರ ಕೂಡ ಸಂಸಾರ ಮಾಡೂದಂದ್ರ, ಸ್ಟಾರ್ಟ್ ಆದ ಲಾರಿ ಮ್ಯಾಲ ರಂಗೋಲಿ ಹಾಕಿದಂಗ್ರೀ."

ಹಳೇ ಇಂಜಿನ್ನುಗಳ ಬಗ್ಗೆ ಅವನಿಗೊಂದು ಸಿದ್ಧಾಂತವಿತ್ತು. ಸೆನ್ಸರು ಬರುವ ಮೊದಲಿನ ಪಂಪಿನ ಇಂಜಿನ್ ಎಮ್ಮೆ ಇದ್ದಹಾಗೆ. ಏನು ಹಾಕಿದರೂ ತಿನ್ನುತ್ತದೆ, ಎಲ್ಲಿ ಮಲಗಿದರೂ ಬಾಲ ತಿರುವಿ ಎಬ್ಬಿಸಬಹುದು. ಸೆನ್ಸರಿನ ಇಂಜಿನ್ ಅಳಿಯ ಇದ್ದಹಾಗೆ. ಸಿಟ್ಟು ಬಂದರೆ ಯಾಕೆ ಬಂತೆಂದು ತಿಳಿಯಲು ಲ್ಯಾಪ್‌ಟಾಪ್ ತರಿಸಬೇಕು. ಹೀಗಾಗಿ ಸುಮಂಗಲಾಗೆ ಅವನು ಮೊದಲೇ ಹೇಳಿಬಿಟ್ಟಿದ್ದ: ತಗೊಂಡರೆ ಎಮ್ಮೆ.

ಎಮ್ಮೆಗಳು ಎರಡು ಸಿಕ್ಕಿದ್ದವು. ಒಂದೇ ಕಂಪನಿ, ಒಂದೇ ವರ್ಷ, ಒಂದೇ ಇಂಜಿನ್. ಒಂದೇ ತಾಯಿಯ ಅವಳಿ ಮಕ್ಕಳು ಬೇರೆ ಬೇರೆ ಮನೆಯಲ್ಲಿ ಬೆಳೆದಂತೆ.

ಮೊದಲನೆಯದು ನರಸಪ್ಪನವರದು. ಬಿಳಿ ಬಣ್ಣ, ಅರವತ್ತೊಂದು ಸಾವಿರ ಕಿಲೋಮೀಟರು, ಸೀಟಿನ ಪ್ಲಾಸ್ಟಿಕ್ ಕವರನ್ನೂ ಕಿತ್ತಿಲ್ಲ. ಸೇವಂತಿಗೆ ಬೆಳೆಯುತ್ತಿದ್ದ ಕಾಲದಲ್ಲಿ ಹೂವಿನ ಮೂಟೆ ಹೊತ್ತು ಮಾರ್ಕೆಟ್ಟಿಗೆ ಹೋಗುತ್ತಿದ್ದ ಗಾಡಿ. ಒಂಬತ್ತು ವರ್ಷದ ಹಿಂದೆ ಹೂವಿನ ಹೊಲ ಲೇಔಟಾಯಿತು, ನರಸಪ್ಪ ಓನರಾದರು, ಗಾಡಿ ಮನೆಯ ಮುಂದೆ ನಿಂತಿತು. ನಿಂತರೆ ಇಂಜಿನ್ ಹಿಡಿದುಕೊಳ್ಳುತ್ತದೆ, ದಿನಾ ಸ್ಟಾರ್ಟ್ ಮಾಡಬೇಕು ಎಂದು ಯಾರೋ ಹೇಳಿದ್ದರು. ಅಂದಿನಿಂದ ಪ್ರತಿದಿನ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ಊದುಬತ್ತಿ ತೋರಿಸಿ, ಅದೇ ಊದುಬತ್ತಿಯನ್ನು ಪಿಕಪ್ಪಿಗೂ ತೋರಿಸಿ, ಸ್ಟಾರ್ಟ್ ಮಾಡಿ, ಹತ್ತು ನಿಮಿಷ ನಿಂತಲ್ಲೇ ಓಡಿಸಿ, ಆಫ್ ಮಾಡುತ್ತಿದ್ದರು. ಒಂದು ದಿನವೂ ತಪ್ಪಿಲ್ಲ. ವಠಾರದ ಜನ ಅಲಾರಂ ಇಡುವುದನ್ನೇ ಬಿಟ್ಟಿದ್ದರು.

"ಕೂಸ್ನಂಗೆ ಸಾಕಿವ್ನಿ ಕಣಮ್ಮಾ," ಎನ್ನುತ್ತಿದ್ದರು ಸುಮಂಗಲಾಗೆ. "ಬೇರೆಯೋರು ಕೇಳಿದ್ರೆ ಕೊಡ್ತಿರ್ಲಿಲ್ಲ. ನೀನು ನಮ್ ಶೆಡ್ನಾಗೇ ಇರೋಳು. ಕಣ್ಮುಂದೆ ಇರ್ತದೆ."

ಆ "ನಮ್ ಶೆಡ್ನಾಗೇ" ಎಂಬುದೇ ಅವಳ ಗಂಟಲಿನ ಮುಳ್ಳು. ಅವರ ಗಾಡಿ ಬೇಡವೆಂದು ಅವರದೇ ಶೆಡ್ಡಿನಲ್ಲಿ ರೊಟ್ಟಿ ಬಡಿಯುವುದು ಹೇಗೆ?

ಎರಡನೆಯದು ಅತ್ತಿಬೆಲೆಯ ಈರೇಶನದು. ಮಸ್ಕಿ ಕಡೆಯ ಹುರಿಯಾಳು, ಹೊಸ ಗಾಡಿ ಬುಕ್ ಮಾಡಿ ಹಳೆಯದನ್ನು ಮಾರಲು ಹೊರಟಿದ್ದ. ಅದರ ಬಣ್ಣ ಯಾವುದೆಂದು ತಿಳಿಯಲು ಆರ್.ಸಿ. ಪುಸ್ತಕವನ್ನೇ ನೋಡಬೇಕು. ಮೀಟರು ನಾಲ್ಕು ಲಕ್ಷದ ಹನ್ನೆರಡು ಸಾವಿರಕ್ಕೆ ಸುಸ್ತಾಗಿ ನಿಂತು ಎರಡು ವರ್ಷವಾಗಿತ್ತು, ಗಾಡಿ ನಿಂತಿರಲಿಲ್ಲ. ನಿಂತಲ್ಲೆಲ್ಲ ಕೆಳಗೊಂದು ಕರಿ ಬೊಟ್ಟು. ಮಾಲೀಕ ಎಂಬ ಪದದಲ್ಲೇ ಒಂದು ಲೀಕ್ ಇರುವಾಗ ಗಾಡಿಯಲ್ಲಿ ಇರಬಾರದೆ?

ಶುಕ್ರವಾರ ಬೆಳಿಗ್ಗೆ ಐದಕ್ಕೆ ಸುಮಂಗಲಾ ತನ್ನ ಸ್ಕೂಟರಿನ ಹಿಂದೆ ಸಂಗಣ್ಣನನ್ನು ಕೂರಿಸಿಕೊಂಡು ಅತ್ತಿಬೆಲೆಗೆ ಹೊರಟಳು. ಶಿಫ್ಟಿನ ಬಸ್ಸುಗಳು ಆಗಲೇ ರಸ್ತೆ ತುಂಬಿದ್ದವು. ಹಿಂದೆ ಕೂತ ಸಂಗಣ್ಣ ಒಂದು ಗಳಿಗೆ ಸುಮ್ಮನಿರಲಿಲ್ಲ. ಚಂದಾಪುರ ದಾಟುವ ಮುಂಚೆ ನಾಲ್ಕು ಸಲ ಸ್ಕೂಟರಿನ ಹಿಂದಿನ ಬೇರಿಂಗ್ ಹೋಗಿದೆ ಎಂದ.

"ಅಣ್ಣಾರ, ಬೇರಿಂಗ್ ಇರ್ಲ್ರಿ, ನಾನು ಹೋಗಾಕತ್ತೀನಿ ನಿಮ್ಮ ಕೂಡ. ಅಲುಗಾಡಬ್ಯಾಡ್ರಿ."

ಈರೇಶ್ ಮನೆಮುಂದೆ ಬನಿಯನ್ನಿನಲ್ಲಿ ನಿಂತಿದ್ದ. "ಬರ್ರಿ ಸಂಗಣ್ಣಾರ! ಒಂದ ಸಲಕ್ಕ ಸ್ಟಾರ್ಟ್ ನೋಡ್ರಿ, ಫಸ್ಟ್ ಕ್ಲಾಸ್ ಕಂಡೀಷನ್!"

ಸಂಗಣ್ಣ ಸ್ಕ್ರೂಡ್ರೈವರ್ ತೆಗೆಯಲಿಲ್ಲ. ಬಾನೆಟ್ ಎತ್ತಿ, ಇಂಜಿನ್ನಿನ ಮೇಲೆ ಅಂಗೈ ಇಟ್ಟ, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ. ಕೈ ತೆಗೆದು ಸುಮಂಗಲಾ ಕಡೆ ತಿರುಗಿದ. "ನಡಿ ತಂಗಿ."

"ಯಾಕ್ರೀ? ಕೇಳೂದಿಲ್ಲೇನು?"

"ಬೆಚ್ಚಗೈತಿ. ನಾವು ಬರೂಕಿಂತ ಮೊದ್ಲ ಒಂದ ಸಲ ಎಬ್ಬಿಸ್ಯಾನ. ಬಿಸಿ ಇಂಜಿನ್ ಎಲ್ಲಾರಿಗೂ ನಗತೈತಿ. ತಣ್ಣಗ ಇದ್ದಾಗ ಹೆಂಗ ಏಳತೈತಿ ಅನ್ನೂದ ನೋಡಬೇಕು."

ಈರೇಶ್ ಹಲ್ಲುಕಿರಿದ. "ಚಳಿ ಐತಂತ ಸ್ವಲ್ಪ ಬೆಚ್ಚಗ ಮಾಡಿನ್ರೀ, ತಪ್ಪೇನೈತ್ರೀ? ನೀವು ಜಳಕಕ್ಕ ನೀರು ಕಾಸೂದಿಲ್ಲೇನು?"

ಅಂಗೈ ಇಟ್ಟು ಶಾಖ ನೋಡಲು ಅಷ್ಟು ದೂರ ಹೋಗಿ ಬರಬೇಕಾಯಿತಲ್ಲ ಎಂದು ಸುಮಂಗಲಾ ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡಿದ್ದಳು. ಒಂದು ದಿನ ಕಳೆಯಿತು. ಉಳಿದದ್ದು ಎರಡು. ಆ ದಿನ ಬಡಿದ ರೊಟ್ಟಿಯಲ್ಲಿ ಅರ್ಧ ಹರಿದವು. ಮಲಕವ್ವ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ತೂತಿನಲ್ಲಿ ಅವಳ ಮುಖ ನೋಡಿ, "ಇದರಾಗ ಹಾದು ಆ ಪಿಕಪ್ಪು ಬರ್ತೈತೇನವ್ವಾ ಸುಮಂಗ್ಲಾ?" ಅಂದಳು.

ಶನಿವಾರ ನಾಲ್ಕೂವರೆಗೇ, ಹೇಳದೆ ಕೇಳದೆ ಹೋದರು. ಇಂಜಿನ್ ಕಲ್ಲಿನಷ್ಟು ತಣ್ಣಗಿತ್ತು. ಈರೇಶ್ ಕಣ್ಣುಜ್ಜುತ್ತ ಕೀಲಿ ತಿರುಗಿಸಿದ. ಗರ್ ಗರ್, ಇಲ್ಲ. ಇನ್ನೊಮ್ಮೆ, ಇಲ್ಲ. ಸುಮಂಗಲಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಗಿದಳು. ಮೂರನೆಯ ಸಲಕ್ಕೆ ಇಡೀ ಗಾಡಿ ಮೈಕೊಡವಿ ಎದ್ದು, ಒಂದು ಮುಷ್ಟಿ ಕರಿಹೊಗೆ ಉಗುಳಿ, ಟಕಟಕ ಟಕಟಕ ಎಂದು ಓಡತೊಡಗಿತು. ಸಂಗಣ್ಣ ಈ ಸಲ ಪ್ಯಾಂಟು ಹಾಕಿಕೊಂಡು ಬಂದಿದ್ದ. ಕಿವಿಗೆ ಸ್ಕ್ರೂಡ್ರೈವರ್ ಒತ್ತಿಕೊಂಡು ಇಂಜಿನ್ನಿನ ಒಂದೊಂದು ಮೂಲೆಗೂ ಹೋಗಿ ಬಂದ. ಆಯಿಲ್ ಮುಚ್ಚಳ ತೆಗೆದು ಹೊಗೆ ನೋಡಿದ. ಸೈಲೆನ್ಸರಿನ ಬಾಯಿಗೆ ಕರವಸ್ತ್ರ ಹಿಡಿದು ನೋಡಿದ. ಒಂದು ಹನಿ ಆಯಿಲನ್ನು ಮದುವೆ ಕಾರ್ಡಿನ ಹಿಂಬದಿಗೆ ಹಚ್ಚಿ ಜೇಬಿನಲ್ಲಿಟ್ಟುಕೊಂಡ.

"ಆಯಿಲ್ ಕುಡಿತೈತಿ," ಎಂದ.

"ಕುಡೀತೈತ್ರೀ, ಸುಳ್ಳು ಹೇಳೂದಿಲ್ಲ," ಅಂದ ಈರೇಶ್. "ತಿಂಗಳಿಗೊಮ್ಮಿ ಒಂದ ಲೀಟರ್ ಮ್ಯಾಲ ಹಾಕಬೇಕು. ಕುಡದ್ರೂ ಒಂದ ದಿನಾನೂ ಕೆಲ್ಸಕ್ಕ ರಜಾ ಹಾಕಿಲ್ರೀ. ಇಂಥಾ ಗಂಡ ಎಷ್ಟ ಮಂದೀಗೆ ಸಿಗತಾನ?"

"ಹಂಗಾರ ಇದೇ?" ಎಂದಳು ಸುಮಂಗಲಾ ಆತುರದಿಂದ.

"ತಡಿ. ಓನರ್ ಗಾಡಿಗಿ ಭಾರ ಹೊರಿಸಿ ನೋಡಿಲ್ಲಲಾ."

ಅದೇ ದಿನ ಹತ್ತು ಗಂಟೆಗೆ ನರಸಪ್ಪನವರ ಪಿಕಪ್ಪಿಗೆ ಜೋಳದ ಮೂಟೆಗಳನ್ನು ಹೇರಿದರು. ಕೀಲಿ ಮುಟ್ಟುವುದೇ ತಡ, ಒಂದೇ ಸಲಕ್ಕೆ ಎದ್ದಿತು. ದಿನಾ ಏಳುವ ಅಭ್ಯಾಸ. ಸುಮಂಗಲಾ ಸ್ಟಿಯರಿಂಗ್ ಹಿಡಿದಳು. ಪಕ್ಕದಲ್ಲಿ ನರಸಪ್ಪನವರು ಇಸ್ತ್ರಿ ಅಂಗಿ ಹಾಕಿ ಕೂತರು. ಹಿಂದೆ ಮೂಟೆಗಳ ಮೇಲೆ, ಕ್ಯಾಬಿನ್ನಿನ ತಗಡಿಗೆ ಕಿವಿಕೊಟ್ಟು ಸಂಗಣ್ಣ. ಒಂಬತ್ತು ವರ್ಷದ ಮೇಲೆ ಗಾಡಿ ಗೇಟು ದಾಟಿತು. ವಠಾರದವರು ಚಪ್ಪಾಳೆ ತಟ್ಟಿದರು.

ಹೊಸೂರು ರಸ್ತೆಯವರೆಗೆ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಹೋಯಿತು. ಸುಮಂಗಲಾಗೆ ಎದೆ ಹಗುರಾಯಿತು. ಓನರೂ ಖುಷಿ, ತಾನೂ ಖುಷಿ. ಮೇಲ್ಸೇತುವೆಯ ಏರು ಬಂತು. ಎರಡನೇ ಗೇರಿಗೆ ಇಳಿಸಿದಳು. ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣಿಸುವುದು ನಿಂತುಹೋಯಿತು. ಬಿಳಿ ಹೊಗೆ, ಮದುವೆ ಮನೆಯ ಅಡುಗೆಗೆ ಹಸಿ ಸೌದೆ ಹಾಕಿದ ಹಾಗೆ. ಹಿಂದಿನ ಸ್ಕೂಟರಿನ ಟೆಕ್ಕಿಯೊಬ್ಬ ಕೆಮ್ಮುತ್ತ ಪಕ್ಕಕ್ಕೆ ಬಂದು, "ಅಕ್ಕ, ಸೊಳ್ಳೆ ಹೊಗೆ ಹಾಕ್ತಿದೀರಾ?" ಎಂದು ಕೇಳಿ ಹೋದ.

"ಏನೂ ಇಲ್ಲ ಕಣಮ್ಮಾ," ಅಂದರು ನರಸಪ್ಪ, ಮುಂದಕ್ಕೇ ನೋಡುತ್ತ. "ಒಂಬತ್ತು ವರ್ಸದ ಊದ್‌ಬತ್ತಿ ಒಗೆ ಒಳಗೆ ಕುಂತೈತೆ. ಈಗ ಈಚೆ ಬರ್ತೈತೆ."

ಏರಿತು ಎಂದರೆ ಏರಿತು. ನಿಲ್ಲಲಿಲ್ಲ. ಮೇಲೆ ಹೋದ ಮೇಲೆ ಹೊಗೆಯೂ ಕಡಿಮೆಯಾಯಿತು. ಅದೇ ತೊಂದರೆಯಾಯಿತು. ನಿಂತುಹೋಗಿದ್ದರೆ ತೀರ್ಮಾನವಾದರೂ ಆಗುತ್ತಿತ್ತು.

ಒಂದು ಒಂದೇ ಸಲಕ್ಕೆ ಏಳುತ್ತದೆ, ಏರಿನಲ್ಲಿ ಹೊಗೆ ಹಾಕುತ್ತದೆ. ಇನ್ನೊಂದು ಮೂರು ಸಲ ಬೇಡಿಸಿಕೊಳ್ಳುತ್ತದೆ, ಎದ್ದಮೇಲೆ ನಿಲ್ಲುವುದಿಲ್ಲ. ಬೆಳಗಿನ ನಾಲ್ಕೂಮುಕ್ಕಾಲಕ್ಕೆ ಯಾವುದನ್ನು ನಂಬುವುದು? ಈ ವರ್ಷವಷ್ಟೇ ಅಲ್ಲ, ಇನ್ನೈದು ವರ್ಷ, ದಿನಾ? ಆ ರಾತ್ರಿ ಸುಮಂಗಲಾ ಒಂದು ಮಗ್ಗುಲಿಗೆ ಬಿಳಿ ಗಾಡಿ, ಇನ್ನೊಂದು ಮಗ್ಗುಲಿಗೆ ಈರೇಶನ ಗಾಡಿ ಎಂದು ಹೊರಳಾಡಿದಳು. ನಿದ್ದೆ ಎರಡೂ ಕಡೆಯಿಂದ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಸಂಗಣ್ಣ ಶೆಡ್ಡಿಗೆ ಬಂದ. ಬಂದವನು ಕೂರಲಿಲ್ಲ. ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ ಓಡಾಡಿದ. ಆರು ಹೆಂಗಸರ ಆರು ಕತ್ತುಗಳೂ ಅವನ ಹಿಂದೆ ಹೋಗಿ ಬಂದವು. ಜೇಬಿನಿಂದ ಎರಡು ಮದುವೆ ಕಾರ್ಡು ತೆಗೆದು, ಹಿಂಬದಿ ಮೇಲಾಗಿ ಹಲಗೆಯ ಮೇಲಿಟ್ಟ. ಒಂದರಲ್ಲಿ ಓನರ್ ಗಾಡಿಯ ಆಯಿಲ್ ಹನಿ ಜೇನಿನಂತೆ ತಿಳಿಯಾಗಿ ಹರಡಿತ್ತು. ಇನ್ನೊಂದರಲ್ಲಿ ಈರೇಶನದು, ಸುಟ್ಟ ಒಗ್ಗರಣೆಯಂತೆ ಕರ್ರಗೆ.

"ಜಾತಕ ಕೂಡಸಾಕತ್ತೀಯೇನೋ?" ಎಂದಳು ಮಲಕವ್ವ. "ಬೆಳ್ಳಗಿರೂ ಹುಡುಗೀನ ಚಲೋ ಕಾಣ್ತಾಳ."

"ಹಂಗಾದ್ರ ಓನರ್ ಗಾಡೀನ ಚಲೋ ಅಲ್ರೀ?" ಸುಮಂಗಲಾಳ ದನಿಯಲ್ಲಿ ಆಸೆಯಿತ್ತು. ಹೌದು ಅಂದುಬಿಡಲಿ, ಸಂಜೆಗೆ ಎಲ್ಲ ಮುಗಿಯಲಿ.

"ಹೋದ ವಾರ ಹೊಸಾ ಆಯಿಲ್ ಹಾಕ್ಸ್ಯಾರ. ಹೊಸಾ ಆಯಿಲ್ ಏನ್ ಹೇಳತೈತಿ? ಹೊಸಾ ಸೊಸಿ ಇದ್ದಂಗ, ಒಂದ ವಾರ ಬಾಯಿ ಬಿಡೂದಿಲ್ಲ." ಸಂಗಣ್ಣ ಜೇಬಿನಿಂದ ಇನ್ನೊಂದು ಕಾಗದದ ಪೊಟ್ಟಣ ತೆಗೆದ. ಬಿಡಿಸಿದರೆ ಒಳಗೆ ಮಜ್ಜಿಗೆ ಬಣ್ಣದ, ಬೆಣ್ಣೆಯಂಥ ಮುದ್ದೆ. "ಇದು ಆಯಿಲ್ ಮುಚ್ಚಳದ ಒಳಮಗ್ಗಲಿಂದ ಕೆರದದ್ದು. ನೀರು ತಂಗಿ, ನೀರು. ದಿನಾ ಹತ್ತ ನಿಮಿಷ ಓಡಸ್ತಾರ, ಇಂಜಿನ್ ಪೂರಾ ಕಾಯೂಕಿಂತ ಮೊದ್ಲ ಬಂದ್ ಮಾಡ್ತಾರ. ಒಳಗ ಬೆವತ ನೀರು ಒಣಗಂಗಿಲ್ಲ. ಒಂಬತ್ತ ವರ್ಷ ದಿನಾ ಮುಂಜಾನಿ ಎಬ್ಬಿಸಿ, ಮಾರಿ ತೊಳಸಿ, ಮತ್ತ ಮಲಗಿಸಿದ್ರ ಯಾವ ಆಳು ದುಡೀತಾನ ಹೇಳು? ನಿಲ್ಲಿಸಿದ್ರ ಒಂದ ಹಾಳು, ಓಡಿಸಿದ್ರ ಒಂದ ಸವಕಲು. ಇವ್ರು ಎರಡೂ ಮಾಡಿಲ್ಲ, ನಡುವ ಹಿಡದಾರ. ಅದು ಎಲ್ಲಾಕಿಂತ ಕೆಟ್ಟದ್ದು."

ಸಂಗಣ್ಣ ಕರಿ ಹನಿಯ ಕಾರ್ಡನ್ನು ಎತ್ತಿ ತೋರಿಸಿದ.

"ಅತ್ತಿಬೆಲಿ ಗಾಡಿ ಸವದೈತಿ. ಆದ್ರ ಹೆಂಗ ಸವೀಬೇಕೋ ಹಂಗ ಸವದೈತಿ, ನಾಕೂ ಸಿಲಿಂಡರ್ ಸಮ. ಆಯಿಲ್ ಹಾಕು, ಹೀಟರ್ ಪ್ಲಗ್ ಬದಲ್ ಮಾಡು, ಮೂರನೇ ಸಲಕ್ಕ ಏಳೂದು ಮೊದಲನೇ ಸಲಕ್ಕ ಏಳತೈತಿ. ಅದರ ರೋಗ ಏನಂತ ಗೊತ್ತೈತಿ. ಇದರ ರೋಗ ಇನ್ನೂ ಹೊರಗ ಬಂದಿಲ್ಲ."

ಇಷ್ಟು ಹೇಳುವಷ್ಟರಲ್ಲಿ ಅವನ ಒಂದು ಕಾಲು ಚಪ್ಪಲಿಯೊಳಗಿತ್ತು. ಕೊಟ್ಟ ಟೀಯನ್ನು ಬಾಗಿಲಲ್ಲೇ ನಿಂತು ಎರಡು ಗುಟುಕಿಗೆ ಮುಗಿಸಿದ.

ಉಳಿದದ್ದು ನರಸಪ್ಪನವರಿಗೆ ಹೇಳುವುದು. ಸುಮಂಗಲಾ ಆರು ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಟ್ಟೆಯಲ್ಲಿಟ್ಟುಕೊಂಡು ಹೋದಳು. ಬಾಯಲ್ಲಿ ರೊಟ್ಟಿ ಇರುವವರು ಜೋರಾಗಿ ಬೈಯುವುದು ಕಷ್ಟ. ಅವರು ಗಾಡಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಹೇಳಬೇಕಾದದ್ದನ್ನು ಅವಳು ಒಂದೇ ಉಸಿರಿಗೆ ಹೇಳಿದಳು. ಮಜ್ಜಿಗೆ ಬಣ್ಣದ ಮುದ್ದೆಯ ಸುದ್ದಿ ಮಾತ್ರ ಹೇಳಲಿಲ್ಲ.

"ಆ ಅತ್ತಿಬೆಲೆ ಡಬ್ಬಾನಾ?" ಅಂದರು ನರಸಪ್ಪ.

"ಹೂಂ ರೀ ಯಜಮಾನ್ರ."

"ಅದಕ್ಕೆ ಇಂಡಿಕೇಟ್ರೂ ಇಲ್ವಂತೆ."

"ಹಾಕಸ್ತೀನ್ರಿ."

ನರಸಪ್ಪನವರು ಒಂದು ರೊಟ್ಟಿ ಮುರಿದರು. ತುಂಬ ಹೊತ್ತು ಅಗಿದರು. ಸುಮಂಗಲಾಳ ಕಾಲು ತಾನಾಗಿಯೇ ಸಂಗಣ್ಣನ ಕಾಲಿನಂತೆ ಕುಣಿಯತೊಡಗಿತ್ತು. ಶೆಡ್ಡು ಖಾಲಿ ಮಾಡು ಎಂದರೆ ಎಂಟುನೂರು ರೊಟ್ಟಿಯನ್ನು ಎಲ್ಲಿ ಬಡಿಯುವುದು?

"ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು ಬುಡು," ಅಂದರು ಕೊನೆಗೆ, ಗಾಡಿಯ ಬಾಗಿಲ ಮೇಲಿನ ಧೂಳನ್ನು ಹೆಗಲ ಟವೆಲಿನಿಂದ ಒರೆಸುತ್ತ. "ನೆನ್ನೆ ರಾತ್ರಿಯಿಂದ ಒಂದೇ ಯೋಚ್ನೆ. ಇದ್ನ ನೀನು ತಗೊಂಡೋದ್ರೆ ನಾಳೆ ಬೆಳಿಗ್ಗೆ ಎದ್ದು ನಾನು ಏನ್ ಸ್ಟಾರ್ಟ್ ಮಾಡ್ಲಿ ಅಂತ." ಆಮೇಲೆ ತಾವು ಓನರ್ ಎಂಬುದು ನೆನಪಾಗಿ ದನಿ ಏರಿಸಿದರು: "ಆದ್ರೆ ಆ ಡಬ್ಬಾನ ಟೈಲ್ಸ್ ಮೇಲೆ ನಿಲ್ಸಂಗಿಲ್ಲ. ಆಯಿಲ್ ಸುರಿಸ್ತದೆ. ಆಚೆ ರೋಡಿಗೆ ನಿಲ್ಸು."

ಸೋಮವಾರ ನಾಲ್ಕೂ ನಲವತ್ತಕ್ಕೆ ಎಂಟುನೂರು ರೊಟ್ಟಿ, ನಾಲ್ಕು ದೊಡ್ಡ ಡಬ್ಬಿ ಪಲ್ಯ, ಹಿಂದಿನ ಸಂಜೆಯಷ್ಟೇ ಈರೇಶನಿಂದ ಕೊಂಡು ತಂದ ಗಾಡಿಯಲ್ಲಿದ್ದವು. ಹೀಟರ್ ಪ್ಲಗ್ ಬದಲಿಸಲು ಭಾನುವಾರ ಅಂಗಡಿ ತೆರೆದಿರಲಿಲ್ಲ. ಕರೆಯದೆಯೇ ಬಂದ ಸಂಗಣ್ಣ ಪಕ್ಕದ ಸೀಟಿನ ತುದಿಯಲ್ಲಿ ಕೂತಿದ್ದ. ಸುಮಂಗಲಾ ಕೀಲಿ ತಿರುಗಿಸಿದಳು. ಗರ್ ಗರ್, ಇಲ್ಲ. ಎರಡನೆಯ ಸಲವೂ ಇಲ್ಲ. ಶೆಡ್ಡಿನ ಬಾಗಿಲಲ್ಲಿ ಐದು ಹೆಂಗಸರು ನಿಂತಿದ್ದರು. ಮಲಕವ್ವ ಯಾವುದೋ ದೇವರಿಗೆ ಕಾಯಿ ಹೇಳಿಕೊಳ್ಳುತ್ತಿದ್ದಳು. ಸಂಗಣ್ಣ ಕಣ್ಣು ಮುಚ್ಚಿದ. ಮೂರನೆಯ ಸಲಕ್ಕೆ ಗಾಡಿ ಮೈಕೊಡವಿ ಎದ್ದಿತು.

ರಸ್ತೆಯ ಪ್ರತಿ ಉಬ್ಬಿಗೂ ಸುಮಂಗಲಾ ಕನ್ನಡಿಯಲ್ಲಿ ಡಬ್ಬಿಗಳನ್ನು ನೋಡುತ್ತಿದ್ದಳು. ಎಲೆಕ್ಟ್ರಾನಿಕ್ ಸಿಟಿ ದಾಟಿತು. ಹೆಬ್ಬಗೋಡಿ ದಾಟಿತು. ಶಿಫ್ಟಿನ ಬಸ್ಸೊಂದು ಅಡ್ಡ ನಿಂತಾಗ ಹಾರ್ನ್ ಒತ್ತಿ ಹಿಡಿದಳು. ಇಂಜಿನ್ ಮಾತ್ರ ತನ್ನ ಪಾಡಿಗೆ ಟಕಟಕ ಎನ್ನುತ್ತಲೇ ಇತ್ತು, ಕೆಲಸಕ್ಕೆ ಹೊರಟ ಹಳೇ ಮೇಸ್ತ್ರಿಯ ಹಾಗೆ. ಐದೂ ಇಪ್ಪತ್ತೆರಡಕ್ಕೆ ಮೊದಲ ಫ್ಯಾಕ್ಟರಿಯ ಗೇಟು. ಐದೂ ಇಪ್ಪತ್ತೊಂಬತ್ತಕ್ಕೆ ಎರಡನೆಯದು. ಮ್ಯಾನೇಜರು ಗಡಿಯಾರ ನೋಡಿ, ಡಬ್ಬಿ ನೋಡಿ, ಒಂದು ರೊಟ್ಟಿಯ ಅಂಚು ಮುರಿದು ಬಾಯಿಗೆ ಹಾಕಿಕೊಂಡು, "ಓಕೆ ಮೇಡಂ, ನಾಳೆ ಇದೇ ಟೈಮು" ಎಂದರು.

ನಾಳೆ. ನಾಡಿದ್ದು. ಆಚೆ ನಾಡಿದ್ದು. ಖಾಲಿ ಡಬ್ಬಿಗಳ ಸದ್ದಿನ ಜೊತೆ ವಾಪಸು ಬರುವಾಗ ಬೆಳಕು ಹರಿದಿತ್ತು. ಸುಮಂಗಲಾ ಮೊದಲ ಸಲ ಸೀಟಿಗೆ ಒರಗಿ ಕೂತಳು. ನಗು ತಡೆಯಲಾಗಲಿಲ್ಲ. ಸ್ಟಿಯರಿಂಗನ್ನು ಅಂಗೈಯಿಂದ ತಟ್ಟಿದಳು, ಎಮ್ಮೆಯ ಬೆನ್ನು ತಟ್ಟುವಂತೆ. ಸಂಗಣ್ಣ ಇನ್ನೂ ಸೀಟಿನ ತುದಿಯಲ್ಲೇ ಇದ್ದ, ಎಡಗಾಲು ಕುಣಿಯುತ್ತಿತ್ತು.

"ಅಣ್ಣಾರ," ಎಂದಳು, "ನೀವು ಇಲ್ಲೀತನಕ ಎಷ್ಟ ಗಾಡಿ ಪಾಸ್ ಮಾಡಿರಬೇಕ್ರೀ?"

"ಒಂದು ನೂರಾ ನಲವತ್ತು ಆಗಿರಬೇಕವ್ವ."

"ನಾ ಇದನ್ನ ಐದ ವರ್ಷ ಓಡಸಬೇಕ್ರೀ, ಕಡಿಮಿ ಅಂದ್ರ. ಆ ನೂರಾ ನಲವತ್ತ್ರಾಗ ಐದ ವರ್ಷ ಬಾಳಿದ್ದು ಎಷ್ಟ್ರೀ?"

ಸಂಗಣ್ಣ ಕಿಟಕಿಯ ಹೊರಗೆ ನೋಡಿದ. ತನ್ನ ಕಂಪನಿಯ ಗೇಟು ಇನ್ನೂ ಎರಡು ಸ್ಟಾಪು ದೂರವಿದ್ದರೂ ಒಂದು ಕೈ ಆಗಲೇ ಬಾಗಿಲ ಹಿಡಿಯ ಮೇಲಿತ್ತು.

"ಅದು ನನಗೇನ್ ಗೊತ್ತವ್ವ?" ಎಂದ. "ಒಮ್ಮಿ ತಗೋರಿ ಅಂತ ಹೇಳಿದ ಮ್ಯಾಲ, ಆ ಗಾಡಿ ತಗೊಂಡ ಮಂದಿ ಎಲ್ಲೆರ ಎದುರ ಬಂದ್ರ, ನಾ ಬ್ಯಾರೆ ಓಣಿ ಹಿಡಿದು ಹೋಗಿಬಿಡ್ತೀನಿ."